ಗಾಣಕ್ಕೆ ಮುನ್ನ ಒಲೆ: ಎಣ್ಣೆಬೀಜಗಳನ್ನು ಕಾಯಿಸುವುದರ ಸಾಧಕ-ಬಾಧಕ

‘ಎಣ್ಣೆ’ ಎಂಬ ನಮ್ಮ ಮಾತು ಎಳ್ಳಿನಿಂದ ಹುಟ್ಟಿದ್ದು. ‘ಎಳ್’ ಮತ್ತು ‘ನೆಯ್’ ಎಂಬ ಎರಡು ಪದಗಳು ಕೂಡಿ ಎಣ್ಣೆಯಾಯಿತೆಂದು ಭಾಷಾವಿದ್ವಾಂಸರು ಹೇಳುತ್ತಾರೆ. ಸಂಸ್ಕೃತದ ‘ತೈಲ’ವೂ ‘ತಿಲ’ದಿಂದಲೇ ಬಂದುದು. ಕನ್ನಡ ನಾಡಿನ ಶಾಸನಗಳಲ್ಲಿ ದೇವಾಲಯದ ನಂದಾದೀಪಕ್ಕೆ ಗಾಣಗಳಿಂದ ಎಣ್ಣೆ ಬಿಟ್ಟುಕೊಟ್ಟ ದತ್ತಿಗಳೂ, ‘ಗಾಣದೆರೆ’ ಎಂಬ ತೆರಿಗೆಯೂ ಕಾಣಸಿಗುತ್ತವೆ. ಇಷ್ಟು ಹಳೆಯದಾದ ಈ ಕಸುಬಿನ ಇತಿಹಾಸವನ್ನು ಕ್ರಮಬದ್ಧವಾಗಿ ದಾಖಲಿಸಿದವರು ಕೊಳ್ಳೇಗಾಲದಲ್ಲಿ 1923ರಲ್ಲಿ ಜನಿಸಿದ ತೈಲ ರಸಾಯನ ವಿಜ್ಞಾನಿ, ಆಹಾರ ಇತಿಹಾಸಕಾರ ಡಾ. ಕೆ. ಟಿ. ಅಚ್ಚಯ್ಯನವರು. ಭಾರತದ ಗಾಣಗಳ ಕುರಿತಾಗಿಯೇ ಅವರು ಬರೆದ ಇಂಗ್ಲಿಷ್ ಗ್ರಂಥ 1993ರಲ್ಲಿ ಪ್ರಕಟವಾಯಿತು.

ದೆಹಲಿಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಅಡುಗೆಮನೆಯಲ್ಲಿ ಎರಡು ತೈಲ ಸಂಸ್ಕೃತಿಗಳು ಒಟ್ಟಿಗೆ ಬಾಳುತ್ತಿವೆ. ಊರಿನಿಂದ ಬಂದ ಶೇಂಗಾ ಎಣ್ಣೆ, ಕುಸುಬೆ ಎಣ್ಣೆ, ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಗಳು ಒಂದೆಡೆ; ನೆರೆಮನೆಯವರಿಂದ ಕಲಿತ ಸಾಸಿವೆ ಎಣ್ಣೆ ಇನ್ನೊಂದೆಡೆ. ಇತ್ತೀಚಿನ ವರ್ಷಗಳಲ್ಲಿ ಇವೆಲ್ಲವುಗಳ ಸೀಸೆಗಳ ಮೇಲೂ ‘ಕೋಲ್ಡ್ ಪ್ರೆಸ್ಡ್’, ‘ಕಚ್ಚಿ ಘಾನಿ’, ‘ಮರದ ಗಾಣದ್ದು’ ಎಂಬ ಮಾತುಗಳು ಕಾಣಿಸಿಕೊಂಡಿವೆ. ಬೆಲೆಯೂ ಅದಕ್ಕೆ ತಕ್ಕಂತೆ ಏರಿದೆ. ಬಿಸಿ ತಾಗಿದ ಬೀಜದ ಎಣ್ಣೆ ಕೆಟ್ಟದ್ದು, ತಾಗದ ಬೀಜದ ಎಣ್ಣೆ ಒಳ್ಳೆಯದು ಎಂಬ ಸರಳ ನಂಬಿಕೆ ಇದರ ಹಿಂದಿದೆ. ವಾಸ್ತವ ಇಷ್ಟು ಸರಳವಾಗಿಲ್ಲ. ಒಂದು ಬೀಜಕ್ಕೆ ಕಾವು ಹಿತವಾದರೆ ಇನ್ನೊಂದಕ್ಕೆ ಅಹಿತ. ಒಂದೇ ಬೀಜಕ್ಕೂ ಹದವಾದ ಕಾವು ಒಂದು ಫಲ ಕೊಟ್ಟರೆ ಮಿತಿಮೀರಿದ ಕಾವು ಇನ್ನೊಂದು ಫಲ ಕೊಡುತ್ತದೆ. ಈ ವಿಷಯವನ್ನು ಬೀಜವಾರು ವಿವರಿಸುವುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

ಕಾವು ಬೀಜದೊಳಗೆ ಮಾಡುವ ಕೆಲಸ

ಬೀಜದಲ್ಲಿ ಎಣ್ಣೆ ಒಂದೇ ಕೊಳವಾಗಿ ನಿಂತಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ, ಪ್ರೋಟೀನಿನ ತೆಳುಪೊರೆಯೊಳಗೆ, ಜೀವಕೋಶಗಳ ಗೋಡೆಯ ಹಿಂದೆ ಅಡಗಿರುತ್ತದೆ. ಬೀಜವನ್ನು ಜಜ್ಜಿ ಹದವಾದ ತೇವದಲ್ಲಿ ಕಾಯಿಸಿದಾಗ ಮೂರು ಬದಲಾವಣೆಗಳು ನಡೆಯುತ್ತವೆ. ಮೊದಲನೆಯದಾಗಿ, ಕೋಶಗಳ ಗೋಡೆ ಸಡಿಲಗೊಳ್ಳುತ್ತದೆ. ಎರಡನೆಯದಾಗಿ, ಪ್ರೋಟೀನು ಹೆಪ್ಪುಗಟ್ಟಿ ಸಣ್ಣ ಹನಿಗಳು ಒಂದಾಗಿ ದೊಡ್ಡ ಹನಿಗಳಾಗುತ್ತವೆ. ಮೂರನೆಯದಾಗಿ, ಎಣ್ಣೆಯ ಜಿಗುಟು ತಗ್ಗಿ ಅದು ಸುಲಭವಾಗಿ ಹರಿಯುತ್ತದೆ. ಇದರಿಂದ ಇಳುವರಿ ಹೆಚ್ಚುತ್ತದೆ. ಗಾಣದ ಹಿಂಡಿಯಲ್ಲಿ ಸಾಮಾನ್ಯವಾಗಿ ಶೇ. 10ಕ್ಕೂ ಹೆಚ್ಚು ಎಣ್ಣೆ ಉಳಿದುಬಿಡುತ್ತದೆ; ಬೀಜವನ್ನು ಬೇಯಿಸಿ ಎಕ್ಸ್‌ಪೆಲ್ಲರಿನಲ್ಲಿ ಹಿಂಡಿದರೆ ಉಳಿಯುವುದು ಶೇ. 6ರಿಂದ 8ರಷ್ಟು ಮಾತ್ರ. ಗಿರಣಿಯವರು ಬೀಜವನ್ನು ಹಬೆಯಲ್ಲಿ ಸುಮಾರು 90ರಿಂದ 115 ಡಿಗ್ರಿ ಸೆಲ್ಸಿಯಸ್‌ವರೆಗೆ ಬೇಯಿಸುವುದಕ್ಕೆ ಮುಖ್ಯ ಕಾರಣ ಇದೇ.

ಇಳುವರಿಯ ಜೊತೆಗೆ ಗುಣಮಟ್ಟದ ಲೆಕ್ಕವೂ ಇದೆ. ಬೀಜದಲ್ಲಿ ಲೈಪೇಸ್ ಎಂಬ ಕಿಣ್ವವಿರುತ್ತದೆ. ಬೀಜ ಒಡೆದು ತೇವ ಸೇರಿದೊಡನೆ ಅದು ಎಣ್ಣೆಯನ್ನು ಒಡೆದು ಬಿಡಿ ಕೊಬ್ಬಿನಾಮ್ಲಗಳನ್ನಾಗಿಸುತ್ತದೆ. ಎಣ್ಣೆಯ ಆಮ್ಲೀಯತೆ ಏರುತ್ತದೆ. ಇನ್ನೊಂದು ಕಿಣ್ವವಾದ ಲೈಪಾಕ್ಸಿಜಿನೇಸ್ ಎಣ್ಣೆ ಗಾಳಿಯೊಡನೆ ಸೇರಿ ಕಮಟಾಗುವುದಕ್ಕೆ ದಾರಿ ಮಾಡಿಕೊಡುತ್ತದೆ. ಸರಿಯಾದ ಕಾವು ಈ ಎರಡೂ ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತದೆ.

ಆದರೆ ಇದಕ್ಕೆ ಬೆಲೆಯನ್ನೂ ತೆರಬೇಕಾಗುತ್ತದೆ. ಬಿಸಿಯಾಗಿ ಹಿಂಡಿದ ಎಣ್ಣೆಗೆ ಫಾಸ್ಫೋಲಿಪಿಡ್ ಎಂಬ ಅಂಟುಪದಾರ್ಥಗಳು ಹೆಚ್ಚಾಗಿ ಇಳಿದುಬರುತ್ತವೆ. ಅವು ತಳದಲ್ಲಿ ಮಡ್ಡಿಯಾಗಿ ಕೂರುತ್ತವೆ, ಕಾಯಿಸಿದರೆ ನೊರೆ ಬರಿಸುತ್ತವೆ. ಅವುಗಳನ್ನು ತೆಗೆಯಲು ಶುದ್ಧೀಕರಣ ಬೇಕಾಗುತ್ತದೆ. ತಣ್ಣಗೆ ಹಿಂಡಿದ ಎಣ್ಣೆಯಲ್ಲಿ ಇವು ಕಡಿಮೆಯಿರುವುದರಿಂದ ತಿಳಿಯಾಗಲು ಬಿಟ್ಟು ಸೋಸಿದರೆ ಸಾಕು. ಕಾವು ಹೆಚ್ಚಿದಂತೆ ಎಣ್ಣೆಯ ಬಣ್ಣವೂ ಗಾಢವಾಗುತ್ತದೆ. ಬೀಜದ ಸಕ್ಕರೆ ಮತ್ತು ಪ್ರೋಟೀನು ಕೂಡಿ ಕಂದುಗಟ್ಟುವ ಕ್ರಿಯೆಯೇ ಇದಕ್ಕೆ ಕಾರಣ. ಹುರಿದ ಪರಿಮಳಕ್ಕೂ ಅದೇ ಕಾರಣ. ಇದೇ ಕ್ರಿಯೆ ಮಿತಿಮೀರಿದರೆ ಹಿಂಡಿಯಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲ ನಷ್ಟವಾಗಿ, ದನಕರುಗಳಿಗೆ ಹಾಕುವ ಹಿಂಡಿಯ ಸತ್ವ ಕುಂದುತ್ತದೆ.

ಸಾಸಿವೆ: ಕಾಯಿಸಬಾರದ ಬೀಜ

ಉತ್ತರ ಭಾರತದ ‘ಕಚ್ಚಿ ಘಾನಿ’ ಎಂಬ ಮಾತಿಗೆ ನಿಜವಾದ ಅರ್ಥವಿರುವುದು ಸಾಸಿವೆಯಲ್ಲಿ. ಸಾಸಿವೆ ಕಾಳನ್ನು ಹಾಗೆಯೇ ನುಂಗಿದರೆ ಘಾಟು ಇಲ್ಲ. ಅರೆದಾಗಲೇ ಘಾಟು ಏಳುತ್ತದೆ. ಕಾಳಿನೊಳಗೆ ಸಿನಿಗ್ರಿನ್ ಎಂಬ ಗಂಧಕಯುಕ್ತ ಪದಾರ್ಥವೂ, ಮೈರೋಸಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಅರೆಗಳಲ್ಲಿರುತ್ತವೆ. ಕಾಳು ಒಡೆದು ನೀರು ತಾಗಿದಾಗ ಎರಡೂ ಸಂಧಿಸಿ ಅಲೈಲ್ ಐಸೋಥಯೋಸಯನೇಟ್ ಎಂಬ ಘಾಟಿನ ಪದಾರ್ಥ ಹುಟ್ಟುತ್ತದೆ. ಗಾಣದವರು ಸಾಸಿವೆಗೆ ನೀರು ಚಿಮುಕಿಸುವುದು ಇದಕ್ಕೂ ಸಹಾಯಕ. ನಮ್ಮ ಮನೆಗಳಲ್ಲಿ ಸಾಸಿವೆಯನ್ನು ಕಾಯಿತುರಿಯೊಡನೆ ಹಸಿಯಾಗಿ ಅರೆದು ಮಾಡುವ ಸಾಸಿವೆಯ ಘಾಟೂ, ಒಗ್ಗರಣೆಯಲ್ಲಿ ಸಿಡಿದ ಕಾಳಿಗೆ ಆ ಘಾಟು ಇಲ್ಲದಿರುವುದೂ ಇದೇ ಕಾರಣದಿಂದ.

ಕಾಳನ್ನು ಒಡೆಯುವ ಮೊದಲೇ ತೇವದೊಡನೆ 80-90 ಡಿಗ್ರಿಗೆ ಕಾಯಿಸಿದರೆ ಆ ಕಿಣ್ವ ಸಾಯುತ್ತದೆ, ಘಾಟು ಹುಟ್ಟುವುದೇ ಇಲ್ಲ. ಯೂರೋಪ್ ಮತ್ತು ಕೆನಡಾದ ಗಿರಣಿಗಳಲ್ಲಿ ಸಾಸಿವೆಯ ದಾಯಾದಿಯಾದ ರೇಪ್ ಬೀಜವನ್ನು ಬೇಗಬೇಗ ಕಾಯಿಸುವುದು ಇದನ್ನು ಸಾಧಿಸುವುದಕ್ಕೆಂದೇ. ಗಂಧಕದ ಅಂಶ ಎಣ್ಣೆಗೆ ಇಳಿಯಬಾರದೆಂಬುದು ಅವರ ಉದ್ದೇಶ. ನಮ್ಮ ಉತ್ತರ ಭಾರತದವರ ಉದ್ದೇಶ ಇದಕ್ಕೆ ತದ್ವಿರುದ್ಧ. ಅಗ್‌ಮಾರ್ಕ್ ಮಾನದಂಡದ ಪ್ರಕಾರ ಕಚ್ಚಿ ಘಾನಿ ಎಣ್ಣೆಯಲ್ಲಿ ಈ ಸಹಜ ಘಾಟಿನ ಅಂಶ ಕನಿಷ್ಠ ಶೇ. 0.25 ಇರಬೇಕು. ಹೀಗೆ ಒಂದೇ ಜಾತಿಯ ಬೀಜಕ್ಕೆ, ಒಂದೇ ಕಾವಿನ ವಿಷಯದಲ್ಲಿ, ಎರಡು ಸಂಸ್ಕೃತಿಗಳು ವಿರುದ್ಧ ತೀರ್ಮಾನಕ್ಕೆ ಬಂದಿವೆ. ಗುಣಮಟ್ಟವೆಂಬುದು ಬಳಸುವವರ ಅಪೇಕ್ಷೆಯನ್ನೂ ಅವಲಂಬಿಸಿದೆ ಎನ್ನುವುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ದೆಹಲಿಯ ಮನೆಗಳಲ್ಲಿ ಸಾಸಿವೆ ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಿ, ಸ್ವಲ್ಪ ಆರಿಸಿ, ಬಳಿಕ ಅಡುಗೆಗೆ ಬಳಸುವ ಪದ್ಧತಿಯಿದೆ. ಆವಿಯಾಗಬಲ್ಲ ಆ ಘಾಟು ಆಗ ಹಾರಿಹೋಗುತ್ತದೆ. ಬೀಜವನ್ನು ಕಾಯಿಸಿದರೆ ಘಾಟು ಹುಟ್ಟುವುದಿಲ್ಲ. ಎಣ್ಣೆಯನ್ನು ಕಾಯಿಸಿದರೆ ಹುಟ್ಟಿದ ಘಾಟು ಹೋಗುತ್ತದೆ. ಹೊಗೆಯಾಡಿಸಿಯೇ ಬಳಸುವುದಾದರೆ ಕಚ್ಚಿ ಘಾನಿಯ ಘಾಟಿಗೆಂದು ಹೆಚ್ಚು ಬೆಲೆ ಕೊಡುವುದರಲ್ಲಿ ಅರ್ಥ ಕಡಿಮೆ. ಉಪ್ಪಿನಕಾಯಿಗೆ ಹಸಿಯಾಗಿ ಸುರಿಯುವವರಿಗೆ ಮಾತ್ರ ಆ ಬೆಲೆಯ ಪೂರ್ಣ ಫಲ ದೊರೆಯುತ್ತದೆ.

ಸಾಸಿವೆಯನ್ನು ಹುರಿಯುವುದರಿಂದ ಲಾಭವೇ ಇಲ್ಲವೆನ್ನುವಂತಿಲ್ಲ. ಸಾಸಿವೆ ಮತ್ತು ರೇಪ್ ಬೀಜಗಳಲ್ಲಿರುವ ಸಿನಾಪಿಕ್ ಆಮ್ಲ ಹುರಿದಾಗ ‘ಕ್ಯಾನೊಲಾಲ್’ ಎಂಬ ಪದಾರ್ಥವಾಗುತ್ತದೆ. ಎಣ್ಣೆ ಕಮಟಾಗುವುದನ್ನು ಅದು ತಡೆಯುತ್ತದೆ. 2000ದ ದಶಕದ ಆರಂಭದಲ್ಲಿ ವಿಜ್ಞಾನಿಗಳು ಇದನ್ನು ಗುರುತಿಸಿದರು.

ಎಳ್ಳು ಮತ್ತು ಶೇಂಗಾ: ಹದವಿದ್ದರೆ ಹಿತ

ಎಳ್ಳಿನ ಕತೆ ಸಾಸಿವೆಯದಕ್ಕಿಂತ ಭಿನ್ನ. ದಕ್ಷಿಣ ಭಾರತದಲ್ಲಿ ಎಳ್ಳನ್ನು ಹುರಿಯದೆ ಗಾಣಕ್ಕೆ ಹಾಕುತ್ತಾರೆ. ಬೆಲ್ಲ ಸೇರಿಸಿ ಆಡಿಸುವ ರೂಢಿಯೂ ಇದೆ. ಚೀನಾ, ಜಪಾನ್, ಕೊರಿಯಾಗಳಲ್ಲಿ ಎಳ್ಳನ್ನು ಕೆಂಪಗೆ ಹುರಿದೇ ಹಿಂಡುತ್ತಾರೆ. ಅಲ್ಲಿ ಅದು ಕರಿಯುವ ಎಣ್ಣೆಯಲ್ಲ, ಪರಿಮಳಕ್ಕೆ ಮೇಲೆ ಚಿಮುಕಿಸುವ ಎಣ್ಣೆ. ಎಳ್ಳಿನಲ್ಲಿ ಸೆಸಮೋಲಿನ್ ಎಂಬ ಪದಾರ್ಥವಿದೆ. ಹುರಿದಾಗ ಅದರ ಒಂದು ಭಾಗ ಒಡೆದು ಸೆಸಮೋಲ್ ಆಗುತ್ತದೆ. ಇದು ಪ್ರಬಲವಾದ ಉತ್ಕರ್ಷಣ ನಿರೋಧಕ, ಅಂದರೆ ಎಣ್ಣೆ ಗಾಳಿಯೊಡನೆ ಸೇರಿ ಕೆಡುವುದನ್ನು ತಡೆಯುವ ವಸ್ತು. ಆದ್ದರಿಂದ ಹದವಾಗಿ ಹುರಿದ ಎಳ್ಳಿನ ಎಣ್ಣೆ ಬಹುಕಾಲ ಕೆಡದೆ ಉಳಿಯುತ್ತದೆ. ‘ಕಾವು ಎಣ್ಣೆಯ ಆಯುಸ್ಸನ್ನು ಕಡಿಮೆ ಮಾಡುತ್ತದೆ’ ಎಂಬ ಸಾರ್ವತ್ರಿಕ ಹೇಳಿಕೆ ಎಳ್ಳಿನಲ್ಲಿ ಸುಳ್ಳಾಗುತ್ತದೆ. ಹುರಿಯುವಿಕೆ ಅತಿಯಾಗಿ ಕಾಳು ಕರಕಾದರೆ ಮಾತ್ರ ವಿಟಮಿನ್ ‘ಇ’ ವರ್ಗದ ಟೋಕೋಫೆರಾಲ್‌ಗಳು ನಷ್ಟವಾಗಿ, ಎಣ್ಣೆ ಕಹಿಯಾಗುತ್ತದೆ.

ಶೇಂಗಾದಲ್ಲಿಯೂ ಹೀಗೆಯೇ. ಬೀಜದಲ್ಲಿ ಅರ್ಧದ ಸಮೀಪ ಎಣ್ಣೆಯೇ ಇದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ‘ಎಣ್ಣೆನಗರಿ’ ಎಂಬ ಹೆಸರು ಬಂದದ್ದು ಶೇಂಗಾ ಗಿರಣಿಗಳಿಂದ. ಗಿರಣಿಯಲ್ಲಿ ಹಬೆ ಕೊಟ್ಟು ಹಿಂಡಿದ ಶೇಂಗಾ ಎಣ್ಣೆ ಸೋಸಿದ ಬಳಿಕವೂ ಬೀಜದ ವಾಸನೆಯನ್ನು ಉಳಿಸಿಕೊಂಡಿರುತ್ತದೆ. ಗಾಣದ ಎಣ್ಣೆಯ ವಾಸನೆ ಹೆಚ್ಚು ಹಸಿ, ಬಣ್ಣ ಹೆಚ್ಚು ತಿಳಿ. ಹುರಿದ ಬೀಜದಿಂದ ತೆಗೆದ ಎಣ್ಣೆಗೆ ಚಟ್ನಿಪುಡಿಯ ಪರಿಮಳವನ್ನು ನೆನಪಿಸುವ ಘಮವಿರುತ್ತದೆ. ಇವುಗಳಲ್ಲಿ ಆಯ್ಕೆ ಬಹುಮಟ್ಟಿಗೆ ರುಚಿಯದು. ಕೊಬ್ಬಿನಾಮ್ಲಗಳ ಪ್ರಮಾಣದಲ್ಲಿ ಹದವಾದ ಹುರಿಯುವಿಕೆಯಿಂದ ಹೇಳಿಕೊಳ್ಳುವಂತಹ ವ್ಯತ್ಯಾಸವಾಗುವುದಿಲ್ಲ.

ಉತ್ತರ ಕರ್ನಾಟಕದ ಕುಸುಬೆ, ಗುರೆಳ್ಳು (ಹುಚ್ಚೆಳ್ಳು), ಅಗಸೆಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಇವುಗಳ ಎಣ್ಣೆಯಲ್ಲಿ ಬಹು ಅಪರ್ಯಾಪ್ತ ಕೊಬ್ಬಿನಾಮ್ಲಗಳು ಅಧಿಕ. ಅವು ಗಾಳಿ, ಬೆಳಕು, ಶಾಖಗಳಿಗೆ ಬೇಗ ಸೋಲುತ್ತವೆ. ಅಗಸೆಯಂತೂ ಎಲ್ಲಕ್ಕಿಂತ ಸೂಕ್ಷ್ಮ. ಇಂತಹವನ್ನು ಕಡಿಮೆ ಕಾವಿನಲ್ಲಿ, ಕಡಿಮೆ ಪ್ರಮಾಣದಲ್ಲಿ ಹಿಂಡಿಸಿ ಬೇಗ ಬಳಸುವುದು ಜಾಣತನ.

ಕೊಬ್ಬರಿ: ಬಿಸಿಲು, ಹೊಗೆ, ಹಾಲು

ಕೊಬ್ಬರಿಯಲ್ಲಿ ಕಾವು ಗಾಣದ ಬಳಿ ಬರುವ ಮುನ್ನವೇ, ಒಣಗಿಸುವಾಗಲೇ, ಪ್ರವೇಶಿಸುತ್ತದೆ. ತಿಪಟೂರಿನ ಹೆಸರಾಂತ ಉಂಡೆ ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಚಿಪ್ಪಿನೊಳಗೇ ತಾನಾಗಿ ಒಣಗುತ್ತದೆ; ಅದು ಮುಖ್ಯವಾಗಿ ತಿನ್ನುವ ಕೊಬ್ಬರಿ. ಎಣ್ಣೆಗೆ ಬಳಸುವ ಕೊಬ್ಬರಿಯನ್ನು ಕಾಯಿ ಒಡೆದು ಬಿಸಿಲಿನಲ್ಲಿ ಒಣಗಿಸುತ್ತಾರೆ. ಮಳೆ ಹೆಚ್ಚಿರುವ ಕರಾವಳಿಯಲ್ಲಿ ಬೆಂಕಿಯ ಮೇಲೆ ಒಣಗಿಸುವುದೂ ಉಂಟು. ಹೊಗೆ ನೇರವಾಗಿ ಕೊಬ್ಬರಿಗೆ ತಾಗಿದರೆ ಬೆಂಜೋಪೈರೀನ್ ಮುಂತಾದ ಕ್ಯಾನ್ಸರ್‌ಕಾರಕ ಪದಾರ್ಥಗಳು ಅದರ ಮೇಲೆ ಕೂತು, ಎಣ್ಣೆಯೊಡನೆ ಇಳಿಯುತ್ತವೆ. ಯೂರೋಪಿನ ನಿಯಮಗಳು ಅಡುಗೆ ಎಣ್ಣೆಯಲ್ಲಿ ಬೆಂಜೋಪೈರೀನಿಗೆ ಕಿಲೋಗ್ರಾಮಿಗೆ 2 ಮೈಕ್ರೋಗ್ರಾಮಿನ ಮಿತಿ ಹಾಕಿವೆ. ಇಲ್ಲಿ ದೋಷವಿರುವುದು ಕಾವಿನಲ್ಲಲ್ಲ, ಹೊಗೆಯಲ್ಲಿ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಕರಟವನ್ನು ಉರಿಸಿ ಹೊಗೆ ತಾಗದಂತೆ ಒಣಗಿಸುವ ಸಾಧನಗಳನ್ನು ರೂಪಿಸಿರುವುದು ಈ ದೃಷ್ಟಿಯಿಂದ ಮಹತ್ವದ ಕೆಲಸ.

ತೆಂಗಿನಹಾಲನ್ನು ನಿಧಾನವಾಗಿ ಕಾಯಿಸಿ ಎಣ್ಣೆ ತೆಗೆಯುವ ಪದ್ಧತಿ ಕರಾವಳಿಯ ಮನೆಗಳಲ್ಲಿ ಶಿಶುಗಳ ಮೈಗೆ ಹಚ್ಚುವ ಎಣ್ಣೆಗಾಗಿ ಇತ್ತು. ಹೀಗೆ ಬಿಸಿಯಲ್ಲಿ ತೆಗೆದ ಎಣ್ಣೆಯಲ್ಲಿ ಫಿನಾಲಿಕ್ ಪದಾರ್ಥಗಳು ತಣ್ಣಗೆ ತೆಗೆದುದಕ್ಕಿಂತ ಹೆಚ್ಚಿರುವುದನ್ನು ಸಂಶೋಧಕರು ಕಂಡಿದ್ದಾರೆ. ತಣ್ಣನೆಯದೇ ಶ್ರೇಷ್ಠವೆಂಬ ನಂಬಿಕೆಗೆ ಇದೂ ಒಂದು ಅಪವಾದ.

ಹರಳು ಮತ್ತು ತೌಡು: ಕಾವು ಅನಿವಾರ್ಯವಾದೆಡೆ

ಹರಳುಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. ಅದು ಪ್ರೋಟೀನು, ಎಣ್ಣೆಯಲ್ಲಿ ಕರಗುವುದಿಲ್ಲ, ತೇವಸಹಿತವಾದ ಶಾಖಕ್ಕೆ ನಾಶವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಬಹಳ ಹೊತ್ತು ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆದು, ಮತ್ತೆ ಕಾಯಿಸಿ ನೀರಿನಂಶ ಕಳೆಯುತ್ತಿದ್ದರು. ರಿಸಿನ್ ಎಂಬ ಹೆಸರು ಯಾರಿಗೂ ಗೊತ್ತಿಲ್ಲದಿದ್ದ ಕಾಲದ ಈ ವಿಧಾನ ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಸಮರ್ಪಕವಾಗಿದೆ. ಕಾರ್ಖಾನೆಗಳಲ್ಲಿ ಔಷಧಕ್ಕೆಂದು ಹರಳೆಣ್ಣೆಯನ್ನು ತಣ್ಣಗೆ ಹಿಂಡುತ್ತಾರಾದರೂ ಎಣ್ಣೆಯನ್ನು ಬಳಿಕ ಹಬೆಯಿಂದ ಸಂಸ್ಕರಿಸುತ್ತಾರೆ. ತಣ್ಣಗೆ ಹಿಂಡಿದ ಹರಳು ಹಿಂಡಿ ಮಾತ್ರ ವಿಷಯುಕ್ತವಾಗಿಯೇ ಉಳಿಯುತ್ತದೆ. ಅದು ಗೊಬ್ಬರಕ್ಕೇ ಹೊರತು ಜಾನುವಾರುಗಳಿಗಲ್ಲ.

ಅಕ್ಕಿ ತೌಡು ಬೀಜವಲ್ಲದಿದ್ದರೂ ಇಲ್ಲಿ ಹೇಳಲೇಬೇಕಾದ ಉದಾಹರಣೆ. ಭತ್ತದಿಂದ ತೌಡು ಬೇರೆಯಾದ ಗಳಿಗೆಯಿಂದಲೇ ಅದರ ಲೈಪೇಸ್ ಎಣ್ಣೆಯನ್ನು ಒಡೆಯತೊಡಗುತ್ತದೆ. ಕೆಲವೇ ದಿನಗಳಲ್ಲಿ ಎಣ್ಣೆ ಆಹಾರಕ್ಕೆ ಯೋಗ್ಯವಲ್ಲದ ಸ್ಥಿತಿಗೆ ತಲುಪುತ್ತದೆ. ತೌಡನ್ನು ತಕ್ಷಣ ಹಬೆಯಲ್ಲಿ ಕಾಯಿಸಿದರೆ ಈ ನಾಶ ನಿಲ್ಲುತ್ತದೆ. ಕುಸುಬಲಕ್ಕಿಯ ತೌಡಿನಲ್ಲಿ ಭತ್ತ ಬೇಯಿಸುವಾಗಲೇ ಕಿಣ್ವ ಸತ್ತಿರುವುದರಿಂದ ಈ ತೊಂದರೆ ಕಡಿಮೆ. ಗಂಗಾವತಿ, ಸಿಂಧನೂರುಗಳ ಅಕ್ಕಿ ಗಿರಣಿಗಳಿಗೂ, ದೆಹಲಿಗೆ ಸಮೀಪದ ಕರ್ನಾಲ್ ಕಡೆಯ ಗಿರಣಿಗಳಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಕಾವಿನಿಂದ ಹೋಗದ ದೋಷಗಳು

1998ರ ಆಗಸ್ಟ್ ತಿಂಗಳಿನಲ್ಲಿ ದೆಹಲಿಯನ್ನು ತಲ್ಲಣಗೊಳಿಸಿದ ದುರಂತವನ್ನು ಇಲ್ಲಿನ ಹಿರಿಯರು ಮರೆತಿರಲಾರರು. ಅರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜದ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತು, ಕಾಲು ಊದುವ ಡ್ರಾಪ್ಸಿ ರೋಗ ಹರಡಿತು. 60ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು, 3000ದಷ್ಟು ಜನ ಆಸ್ಪತ್ರೆ ಸೇರಿದರು. ಅರ್ಜಿಮೋನ್ ಬೀಜ ನೋಡಲು ಸಾಸಿವೆಯನ್ನೇ ಹೋಲುತ್ತದೆ. ಅದರ ಸಾಂಗ್ವಿನರೀನ್ ಎಂಬ ವಿಷ ಎಣ್ಣೆಯೊಡನೆ ಇಳಿಯುತ್ತದೆ. ಗಾಣ ಮರದ್ದೋ ಕಬ್ಬಿಣದ್ದೋ, ಬೀಜ ಹಸಿಯೋ ಹುರಿದದ್ದೋ ಎಂಬುದು ಇಲ್ಲಿ ರಕ್ಷಣೆ ಕೊಡಲಾರದು. ಬೀಜವನ್ನು ಶುಚಿಗೊಳಿಸುವುದು, ಎಣ್ಣೆಯನ್ನು ಪರೀಕ್ಷಿಸುವುದು, ಇವೆರಡೇ ರಕ್ಷಣೆ. ಆ ದುರಂತದ ಬೆನ್ನಲ್ಲೇ 1998ರ ಸೆಪ್ಟೆಂಬರಿನಲ್ಲಿ ಖಾದ್ಯತೈಲಗಳನ್ನು ಪೊಟ್ಟಣದಲ್ಲಿಯೇ ಮಾರಬೇಕೆಂಬ ಕೇಂದ್ರ ಸರಕಾರದ ಆದೇಶ ಹೊರಬಿತ್ತು. ಸಾಸಿವೆ ಎಣ್ಣೆಗೆ ಬೇರೆ ಖಾದ್ಯತೈಲ ಬೆರೆಸಿ ಮಾರುವುದಕ್ಕೆ 2021ರ ಜೂನ್ 8ರಿಂದ ನಿಷೇಧ ಜಾರಿಗೆ ಬಂದಿತು.

ಎರಡನೆಯ ದೋಷ ಶೇಂಗಾದ್ದು. ತೇವದಲ್ಲಿ ಕೂಡಿಟ್ಟ ಶೇಂಗಾಕ್ಕೆ ಬೂಷ್ಟು ಹಿಡಿದಾಗ ಅಫ್ಲಾಟಾಕ್ಸಿನ್ ಎಂಬ, ಯಕೃತ್ತಿಗೆ ಮಾರಕವಾದ ವಿಷ ಉಂಟಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಟರ್ಕಿ ಕೋಳಿಗಳು ಅಪಾರ ಸಂಖ್ಯೆಯಲ್ಲಿ ಸತ್ತಾಗ ಇದು ಬೆಳಕಿಗೆ ಬಂತು. ಹುರಿಯುವುದರಿಂದ ಇದು ಭಾಗಶಃ ತಗ್ಗಬಹುದೇ ಹೊರತು ಪೂರ್ತಿ ಹೋಗುವುದಿಲ್ಲ. ವಿಷದ ಹೆಚ್ಚಿನ ಭಾಗ ಹಿಂಡಿಯಲ್ಲಿ ಉಳಿದರೂ ಸ್ವಲ್ಪ ಭಾಗ ಎಣ್ಣೆಗೆ ಬರುತ್ತದೆ. ರಿಫೈನ್ ಮಾಡುವಾಗ ಕ್ಷಾರದಿಂದ ಅದು ನಿವಾರಣೆಯಾಗುತ್ತದೆ. ಗಾಣದ ಎಣ್ಣೆಗೆ ಆ ಹಂತವಿಲ್ಲ. ಆದ್ದರಿಂದ ಗಾಣದ ಎಣ್ಣೆಯ ಶ್ರೇಷ್ಠತೆ ಸಂಪೂರ್ಣವಾಗಿ ಬೀಜದ ಶ್ರೇಷ್ಠತೆಯನ್ನೇ ಅವಲಂಬಿಸಿದೆ. ಮುರುಟಿದ, ಕಪ್ಪಾದ, ಬೂಷ್ಟು ಹಿಡಿದ ಬೀಜವನ್ನು ಆರಿಸಿ ತೆಗೆಯದ ಗಾಣ ಎಷ್ಟೇ ತಣ್ಣಗಿದ್ದರೂ ಪ್ರಯೋಜನವಿಲ್ಲ.

‘ಕೋಲ್ಡ್ ಪ್ರೆಸ್ಡ್’ ಎಂದರೇನು?

ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಎರಡು ಪದಗಳಿವೆ. ಯಂತ್ರದಿಂದ ಹಿಂಡಿದ, ಶಾಖವನ್ನೂ ಬಳಸಿರಬಹುದಾದ ಎಣ್ಣೆ ‘ವರ್ಜಿನ್’. ಶಾಖ ಬಳಸದೆ ಹಿಂಡಿದ್ದು ‘ಕೋಲ್ಡ್ ಪ್ರೆಸ್ಡ್’. ಹುರಿದ ಎಳ್ಳಿನ ಎಣ್ಣೆ ಎಷ್ಟೇ ಉತ್ತಮವಾದರೂ ಎರಡನೆಯ ಹೆಸರಿಗೆ ಅರ್ಹವಲ್ಲ. ‘ಶಾಖ ಬಳಸದೆ’ ಎಂದರೆ ಹೊರಗಿನಿಂದ ಶಾಖ ಕೊಡದೆ ಎಂದರ್ಥವೇ ಹೊರತು ಎಣ್ಣೆ ಬಿಸಿಯಾಗಿಲ್ಲವೆಂದಲ್ಲ. ಮರದ ಗಾಣದಲ್ಲಿಯೂ ಉಜ್ಜಾಟದಿಂದ ಎಣ್ಣೆ ಬೆಚ್ಚಗೇ ಇಳಿಯುತ್ತದೆ. ವೇಗವಾಗಿ ತಿರುಗುವ ಸಣ್ಣ ಎಕ್ಸ್‌ಪೆಲ್ಲರಿನಲ್ಲಿ, ಬೀಜವನ್ನು ಮೊದಲು ಬೇಯಿಸದಿದ್ದರೂ, ಒತ್ತಡದಿಂದಲೇ ಸಾಕಷ್ಟು ಕಾವು ಹುಟ್ಟುತ್ತದೆ. ಕಣ್ಣೆದುರೇ ಹಿಂಡಿಕೊಡುವ ಅಂಗಡಿಯಲ್ಲಿ ಇಳಿಯುತ್ತಿರುವ ಎಣ್ಣೆಯ ಪಾತ್ರೆಯನ್ನು ಮುಟ್ಟಿ ನೋಡಿದರೆ ಯಾರಿಗಾದರೂ ಇದು ತಿಳಿಯುತ್ತದೆ.

ಕೊಳ್ಳುವಾಗ ಮತ್ತು ಇರಿಸುವಾಗ

ಮೇಲಿನ ವಿವರಗಳಿಂದ ಗೃಹಬಳಕೆಗೆ ಉಪಯುಕ್ತವಾದ ಕೆಲವು ಸೂತ್ರಗಳನ್ನು ಓದುಗರ ಮುಂದಿಡುತ್ತೇವೆ. ಹಸಿಯಾಗಿ ಬಳಸುವ ಎಣ್ಣೆಗೆ (ಉಪ್ಪಿನಕಾಯಿ, ಚಟ್ನಿಪುಡಿಯೊಡನೆ ಕಲಸುವುದು) ಗಾಣದ ಎಣ್ಣೆಯ ಬೆಲೆ ಸಾರ್ಥಕ. ಕರಿಯಲು ಬಳಸುವ ಎಣ್ಣೆಗೆ ಅಷ್ಟು ಸಾರ್ಥಕವಲ್ಲ. ಅಂಗಡಿಯವರಲ್ಲಿ ಗಾಣ ಯಾವುದೆಂದು ಕೇಳುವುದಕ್ಕಿಂತ ಬೀಜ ಯಾವುದು, ಯಾವಾಗಿನದು, ಆರಿಸಿದ್ದಾರೆಯೇ ಎಂದು ಕೇಳುವುದು ಮುಖ್ಯ. ಸಾಧ್ಯವಾದರೆ ಬೀಜವನ್ನು ಕೈಯಲ್ಲಿ ಹಿಡಿದು, ಒಂದೆರಡನ್ನು ಅಗಿದು ನೋಡಬೇಕು. ಸುಟ್ಟ ವಾಸನೆ ಅಥವಾ ಹೊಗೆಯ ವಾಸನೆಯಿರುವ ಎಣ್ಣೆಯನ್ನು ‘ಹಳ್ಳಿಯ ಸೊಗಡು’ ಎಂದು ಮೆಚ್ಚಿ ಕೊಳ್ಳಬಾರದು. ಸಾಸಿವೆ ಎಣ್ಣೆಯನ್ನು ಬಿಡಿಯಾಗಿ ಕೊಳ್ಳದೆ, ತಯಾರಕರ ವಿವರ ಮತ್ತು ಪರವಾನಗಿ ಸಂಖ್ಯೆಯಿರುವ ಪೊಟ್ಟಣವನ್ನೇ ಕೊಳ್ಳುವುದು ಕ್ಷೇಮ.

ದೆಹಲಿಯ ಬೇಸಿಗೆಯಲ್ಲಿ ಪಾರಾ 45 ಡಿಗ್ರಿ ಮುಟ್ಟುವುದರಿಂದ ಗಾಣದ ಎಣ್ಣೆಯನ್ನು ಒಂದು ತಿಂಗಳಿಗೆ ಬೇಕಾದಷ್ಟೇ ತಂದು, ಬೆಳಕು ತಾಗದ ಸ್ಟೀಲ್ ಡಬ್ಬಿ ಅಥವಾ ಗಾಢಬಣ್ಣದ ಸೀಸೆಯಲ್ಲಿ ಒಲೆಯಿಂದ ದೂರ ಇಡಬೇಕು. ಜನವರಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದೂ ಶೇಂಗಾ ಎಣ್ಣೆ ಮಬ್ಬಾಗುವುದೂ ಸಹಜ. ಅದು ಕಲಬೆರಕೆಯ ಲಕ್ಷಣವಲ್ಲ.

ಬೀಜವನ್ನು ಯಾವಾಗ ಕಾಯಿಸಬೇಕು, ಯಾವಾಗ ಬಾರದು ಎಂಬ ತಿಳಿವು ನಮ್ಮ ಹಿರಿಯರಿಗೆ ಅನುಭವದಿಂದ ಬಂದಿತ್ತು. ಸಾಸಿವೆಯನ್ನು ಹಸಿಯಾಗಿಯೇ ಅರೆದರು, ಹರಳನ್ನು ಹುರಿದು ಕುದಿಸಿದರು, ಎಳ್ಳನ್ನು ಗಾಣಕ್ಕೆ ಹಸಿಯಾಗಿ ಕಳುಹಿಸಿ ಚಟ್ನಿಪುಡಿಗೆ ಮಾತ್ರ ಹುರಿದರು. ಇಂದು ಆ ತೀರ್ಮಾನಗಳನ್ನು ಸೀಸೆಯ ಮೇಲಿನ ಚೀಟಿಗೆ ಒಪ್ಪಿಸಿ ನಾವು ನಿಶ್ಚಿಂತರಾಗಿದ್ದೇವೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆಂಬ ಗಾದೆ ನಮ್ಮಲ್ಲಿದೆ. ಎಣ್ಣೆ ಬರುವ ಹೊತ್ತಿಗೆ ಕಣ್ಣು ತೆರೆದಿರಲಿ, ಅದಕ್ಕೂ ಮೊದಲು ಬೀಜ ನೋಡುವಾಗಲೂ ತೆರೆದಿರಲಿ ಎಂಬುದೇ ನಮ್ಮ ಆಶಯ.